ಅಪ್ಪ ಕುರಿ ಕದ್ದರೆ ಮಗ ಏನು ಮಾಡಬೇಕು?

ಪ್ರಶ್ನೆ: ನಾನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇನೆ. ಊರಿನ ಜಮೀನನ್ನು ಅಣ್ಣ ನೋಡಿಕೊಳ್ಳುತ್ತಾನೆ, ಪಹಣಿಯಲ್ಲಿ ಇಬ್ಬರ ಹೆಸರೂ ಇದೆ. ಹೋದ ಬೇಸಿಗೆಯಲ್ಲಿ ಅಣ್ಣ ಬಾಂದುಕಲ್ಲು ಕಿತ್ತು ಪಕ್ಕದವರ ಹೊಲದೊಳಕ್ಕೆ ನಾಲ್ಕು ಅಡಿ ಸರಿಸಿ ನೆಟ್ಟ. ಅದು ನನಗೆ ಗೊತ್ತು. ಈಗ ಪಕ್ಕದವರು ಹದ್ದುಬಸ್ತಿಗೆ ಅರ್ಜಿ ಹಾಕಿದ್ದಾರೆ. "ನೀನು ಓದಿದವನು, ಇದ್ದದ್ದು ಇದ್ದ ಹಾಗೆ ಹೇಳಪ್ಪ" ಅಂತ ನನಗೆ ಫೋನ್ ಮಾಡಿದ್ದರು. ಇದೇ ಸಮಯದಲ್ಲಿ ಕನ್‌ಫ್ಯೂಷಿಯಸ್‌ನನ್ನು ಓದುತ್ತಿದ್ದೆ. ಅಪ್ಪ ಕುರಿ ಕದ್ದರೆ ಮಗ ಮುಚ್ಚಿಡಬೇಕು ಅಂತ ಅವನು ಹೇಳಿದ್ದಾನೆ. ಹಾಗಾದರೆ ನಾನು ಸುಮ್ಮನಿರಬೇಕಾ? ಎರಡೂವರೆ ಸಾವಿರ ವರ್ಷದ ಹಿಂದಿನ ಚೀನಾದ ಮಾತು ಇವತ್ತಿನ ಬದುಕಿಗೆ, ಇವತ್ತಿನ ಸುದ್ದಿಗೆ ನಿಜಕ್ಕೂ ಹೊಂದುತ್ತದಾ? (ಹೆಸರು ಬೇಡ)

ಉತ್ತರ: ಮೊದಲು ಚಿಕ್ಕದಾಗಿ ಹೇಳಿಬಿಡುತ್ತೇನೆ. ಅಣ್ಣನ ಮೇಲೆ ದೂರು ಕೊಡಲು ನೀವೇ ಓಡಿ ಅಂತ ಕನ್‌ಫ್ಯೂಷಿಯಸ್ ಹೇಳುವುದಿಲ್ಲ. ಸುಮ್ನೆ ಕೂತುಬಿಡಿ ಅಂತಲೂ ಹೇಳುವುದಿಲ್ಲ. ನೀವು ಓದಿದ್ದು ಒಂದು ದೊಡ್ಡ ಜಗಳದ ಮೊದಲ ಮಾತು. ಅದರ ಮೇಲೆ ಮುಂದೆ ಇನ್ನೂರೈವತ್ತು ವರ್ಷ ಒಬ್ಬರಿಗೊಬ್ಬರು ಎದುರುತ್ತರ ಕೊಟ್ಟರು. ಚೀನಾದಲ್ಲಿ ಆ ಜಗಳ ಇನ್ನೂ ಮುಗಿದಿಲ್ಲ. ಈ ಹಳೆಯ ಚಿಂತಕರಿಂದ ಇವತ್ತಿಗೆ ಏನಾದರೂ ದಕ್ಕಬೇಕಾದರೆ ಆ ಎದುರುತ್ತರಗಳನ್ನೂ ಕೇಳಿಸಿಕೊಳ್ಳಬೇಕು. ಒಬ್ಬನ ಒಂದು ಮಾತನ್ನು ಕಿತ್ತುಕೊಂಡು ಬಂದರೆ ಅದು ಬೆಳಗಾದರೆ ವಾಟ್ಸ್‌ಆ್ಯಪ್‌ನಲ್ಲಿ ಬರುವ ನುಡಿಮುತ್ತಿನ ಥರ ಆಗುತ್ತದೆ. ಅಂದ ಹಾಗೆ, ಆ ನುಡಿಮುತ್ತುಗಳಲ್ಲಿ ಎಷ್ಟೋ ಕನ್‌ಫ್ಯೂಷಿಯಸ್‌ನದು ಅಲ್ಲವೇ ಅಲ್ಲ. ‘ಇಷ್ಟದ ಕೆಲಸ ಹಿಡಿ, ಜೀವನದಲ್ಲಿ ಒಂದು ದಿನವೂ ದುಡಿದಂತೆ ಅನಿಸದು’ ಅನ್ನುವ ಮಾತು ಅವನ ಮಾತುಗಳ ಸಂಗ್ರಹವಾದ ‘ಅನಲೆಕ್ಟ್ಸ್’ನಲ್ಲಿ ಎಲ್ಲೂ ಇಲ್ಲ.

ಕುರಿಯ ಮಾತು ಮಾತ್ರ ಇದೆ. 13ನೇ ಅಧ್ಯಾಯದಲ್ಲಿ. ಚು ರಾಜ್ಯದ ಶೆ ಎಂಬ ಸೀಮೆಯ ಒಡೆಯ ಜಂಬದಿಂದ ಹೇಳುತ್ತಾನೆ: ನಮ್ಮ ಕಡೆ ಗೊಂಗ್ ಅಂತ ಒಬ್ಬ ಇದ್ದಾನೆ, ಬಹಳ ನೇರ ಮನುಷ್ಯ, ಅಪ್ಪ ಕುರಿ ಕದ್ದಾಗ ಮಗನೇ ಹೋಗಿ ಸಾಕ್ಷಿ ಹೇಳಿದ. ಕನ್‌ಫ್ಯೂಷಿಯಸ್ ಅನ್ನುತ್ತಾನೆ: ನಮ್ಮ ಕಡೆ ನೇರ ಅಂದರೆ ಬೇರೆ. ಮಗನದನ್ನು ಅಪ್ಪ ಮುಚ್ಚುತ್ತಾನೆ, ಅಪ್ಪನದನ್ನು ಮಗ ಮುಚ್ಚುತ್ತಾನೆ, ನೇರವಂತಿಕೆ ಅದರೊಳಗೇ ಇದೆ.

ಹೇಳಿದವನು ಯಾರು ಅನ್ನುವುದನ್ನೂ ನೋಡಿ. ಹಳೆಯ ಚರಿತ್ರೆಯ ಪ್ರಕಾರ ಅವನು ಲು ರಾಜ್ಯದಲ್ಲಿ ಅಪರಾಧಗಳನ್ನು ನೋಡಿಕೊಳ್ಳುವ ಮಂತ್ರಿಯಾಗಿದ್ದವನು. ಕಳ್ಳತನ, ವಿಚಾರಣೆ, ಶಿಕ್ಷೆ ಎಲ್ಲ ಅವನಿಗೆ ಗೊತ್ತಿತ್ತು. ಕದ್ದದ್ದು ಸರಿ ಅಂತ ಅವನು ಎಲ್ಲೂ ಹೇಳುವುದಿಲ್ಲ. ಕಳ್ಳನನ್ನು ಹಿಡಿಯಬೇಡಿ ಅಂತಲೂ ಇಲ್ಲ. ಹಿಡಿಯುವ ಕೆಲಸಕ್ಕೆ ಮಗನನ್ನು ಹಚ್ಚಬೇಡಿ ಅಂದ ಅಂತ ನಾನು ಓದುತ್ತೇನೆ. ಅದೇ ಪುಸ್ತಕದ 4ನೇ ಅಧ್ಯಾಯದಲ್ಲಿ ಇನ್ನೊಂದು ಮಾತಿದೆ: ಅಪ್ಪ ಅಮ್ಮ ತಪ್ಪು ಮಾಡಿದರೆ ಮೆಲ್ಲಗೆ ತಿದ್ದಿ ಹೇಳಬೇಕು, ಕೇಳದಿದ್ದರೂ ಮರ್ಯಾದೆ ಬಿಡಬಾರದು. ‘ಕ್ಸಿಯಾವ್‌ಜಿಂಗ್’ ಎಂಬ ಪುಟ್ಟ ಗ್ರಂಥದಲ್ಲಿ ಇದು ಇನ್ನೂ ಖಾರವಾಗಿದೆ. ಅಪ್ಪ ಹೇಳಿದ್ದನ್ನೆಲ್ಲ ಕೇಳುವುದೇ ಮಗನ ಧರ್ಮವಾ ಅಂತ ಶಿಷ್ಯ ಕೇಳಿದರೆ, ಇದೆಂಥ ಮಾತು, ಇದೆಂಥ ಮಾತು ಅಂತ ಎರಡು ಸಲ ಗದರುತ್ತಾನೆ ಕನ್‌ಫ್ಯೂಷಿಯಸ್. ಎದುರಾಡುವ ಮಗನಿದ್ದರೆ ಅಪ್ಪ ಅಧರ್ಮಕ್ಕೆ ಬೀಳುವುದಿಲ್ಲ ಅನ್ನುತ್ತಾನೆ. ಅಂದರೆ ಹೊರಗೆ ಮುಚ್ಚುವವನು ಒಳಗೆ ಜಗಳ ಆಡಲೇಬೇಕು. ನೀವು ಅಣ್ಣನ ಹತ್ತಿರ ಇದನ್ನು ಇನ್ನೂ ಮಾತಾಡಿಲ್ಲ ಅಂತ ನನ್ನ ಊಹೆ. ಪತ್ರದಲ್ಲಿ ಆ ಸಂಗತಿಯೇ ಇಲ್ಲ.

ಇನ್ನು ಎದುರು ಪಾರ್ಟಿ. ರಾಜ್ಯಕ್ಕೆ ಕಾನೂನೇ ಮುಖ್ಯ ಅನ್ನುವ ಚಿಂತಕ ಹಾನ್ ಫೇ ಇದೇ ಗೊಂಗ್‌ನ ಕಥೆಯನ್ನು ತಿರುಗಿಸಿ ಹೇಳುತ್ತಾನೆ. ಅವನ ಕಥೆಯಲ್ಲಿ ಮಗ ದೂರು ಕೊಟ್ಟಾಗ ಅಧಿಕಾರಿ ಮಗನನ್ನೇ ಕೊಲ್ಲಿಸುತ್ತಾನೆ, ಅಪ್ಪನಿಗೆ ದ್ರೋಹ ಮಾಡಿದ ಅಂತ. ಪಕ್ಕದಲ್ಲೇ ಇನ್ನೊಂದು ಕಥೆ. ಲು ರಾಜ್ಯದ ಒಬ್ಬ ಸಿಪಾಯಿ ಮೂರು ಯುದ್ಧದಿಂದ ಮೂರು ಸಲ ಓಡಿಬಂದ. ಯಾಕೆ ಅಂದರೆ, ಮನೆಯಲ್ಲಿ ವಯಸ್ಸಾದ ಅಪ್ಪ ಇದ್ದಾನೆ, ನಾನು ಸತ್ತರೆ ನೋಡುವವರಿಲ್ಲ ಅಂದ. ಕನ್‌ಫ್ಯೂಷಿಯಸ್ ಅವನನ್ನು ಒಳ್ಳೆಯ ಮಗ ಅಂತ ಹೊಗಳಿ ಮೇಲಕ್ಕೆತ್ತಿದನಂತೆ. ಹಾನ್ ಫೇ ಹೇಳುವುದು ಇಷ್ಟು: ಅಪ್ಪನಿಗೆ ಒಳ್ಳೆಯ ಮಗ ರಾಜನಿಗೆ ಕೆಟ್ಟ ಪ್ರಜೆ, ಎರಡೂ ಬೇಕು ಅಂತ ಕೂತರೆ ರಾಜ್ಯ ನಡೆಯುವುದಿಲ್ಲ. ವಾದ ಗಟ್ಟಿಯಾಗಿದೆ. ನನ್ನ ವಿದ್ಯಾರ್ಥಿಗಳು ಮೊದಲ ಸಲ ಓದಿದಾಗ ಹೆಚ್ಚಿನವರು ಹಾನ್ ಫೇ ಕಡೆಗೇ ವಾಲುತ್ತಾರೆ.

ಆದರೆ ಹಾನ್ ಫೇಗಿಂತ ನೂರು ವರ್ಷ ಮೊದಲೇ ಚಿನ್ ರಾಜ್ಯದಲ್ಲಿ ಇದನ್ನು ಮಾಡಿ ನೋಡಿದ್ದರು. ಮಂತ್ರಿ ಶಾಂಗ್ ಯಾಂಗ್ ಊರುಗಳನ್ನು ಐದು ಮನೆ, ಹತ್ತು ಮನೆಯ ಗುಂಪು ಮಾಡಿದ. ಒಬ್ಬನ ತಪ್ಪಿಗೆ ಗುಂಪೆಲ್ಲ ಹೊಣೆ. ಗೊತ್ತಿದ್ದೂ ದೂರು ಕೊಡದವನನ್ನು ಸೊಂಟದಲ್ಲಿ ಎರಡು ತುಂಡು ಮಾಡುವುದು. ದೂರು ಕೊಟ್ಟವನಿಗೆ ಯುದ್ಧದಲ್ಲಿ ಶತ್ರುವಿನ ತಲೆ ತಂದಷ್ಟೇ ಬಹುಮಾನ. ರಾಜ್ಯ ಬಲವಾಯಿತು, ಸುಳ್ಳಲ್ಲ. ಕ್ರಿ.ಪೂ. 221ರಲ್ಲಿ ಇಡೀ ಚೀನಾವನ್ನು ಒಂದು ಮಾಡಿದ್ದು ಇದೇ ಚಿನ್ ರಾಜ್ಯ. ಹದಿನೈದು ವರ್ಷದೊಳಗೆ ಕುಸಿದುಬಿದ್ದದ್ದೂ ಅದೇ.

ಶಾಂಗ್ ಯಾಂಗ್‌ನ ಕೊನೆ ಕೇಳಿ. ಕ್ರಿ.ಪೂ. 338ರಲ್ಲಿ ಅವನ ಬೆನ್ನಿಗಿದ್ದ ರಾಜ ತೀರಿಕೊಂಡ. ಹೊಸ ರಾಜನಿಗೆ ಇವನನ್ನು ಕಂಡರೆ ಆಗುತ್ತಿರಲಿಲ್ಲ. ರಾಜದ್ರೋಹದ ಆಪಾದನೆ ಬಂತು, ಇವನು ತಲೆ ತಪ್ಪಿಸಿಕೊಂಡು ಓಡಿದ. ಗಡಿಯ ಹತ್ತಿರ ಒಂದು ಛತ್ರದಲ್ಲಿ ರಾತ್ರಿ ಉಳಿಯಲು ಜಾಗ ಕೇಳಿದ. ಛತ್ರದವನಿಗೆ ಇವನ ಗುರುತು ಸಿಗಲಿಲ್ಲ. ‘ಶಾಂಗ್ ಯಾಂಗ್ ಪ್ರಭುಗಳ ಕಾನೂನು ಇದೆ ಸ್ವಾಮಿ, ಗುರುತಿನ ಪತ್ರ ಇಲ್ಲದವರನ್ನು ಒಳಗೆ ಬಿಟ್ಟರೆ ನನಗೆ ಶಿಕ್ಷೆ’ ಅಂದುಬಿಟ್ಟ. ಚರಿತ್ರೆಕಾರ ಸಿಮಾ ಚಿಯೆನ್ ಬರೆದಿಟ್ಟ ಕಥೆ ಇದು. ನಿಜವಾಗಿ ಹೀಗೇ ನಡೆಯಿತೋ, ಅವನು ಸ್ವಲ್ಪ ಒಗ್ಗರಣೆ ಹಾಕಿದನೋ, ನನಗಂತೂ ಇದಕ್ಕಿಂತ ಚೆನ್ನಾದ ಟೀಕೆ ಬೇಡ.

ಇದೆಲ್ಲ ಹಳೆಯ ಕಥೆ ಅಂತ ನಿಮಗೆ ಅನಿಸಬಹುದು. 1970ಕ್ಕೆ ಬನ್ನಿ. ಅನ್ಹುಯಿ ಪ್ರಾಂತ್ಯ, ಹಳೆಯದನ್ನೆಲ್ಲ ಅಳಿಸಲು ಮಾವೋ ಎಬ್ಬಿಸಿದ ಸಾಂಸ್ಕೃತಿಕ ಕ್ರಾಂತಿಯ ಕಾಲ. ಫಾಂಗ್ ಜೊಂಗ್‌ಮೊ ಎಂಬ ತಾಯಿ ಮನೆಯೊಳಗೆ ಮಾತಾಡುತ್ತ ಮಾವೋನನ್ನು ಟೀಕಿಸಿದರು. 16 ವರ್ಷದ ಮಗ ಜಾಂಗ್ ಹೊಂಗ್‌ಬಿಂಗ್ ದೂರು ಕೊಟ್ಟ. ಗಂಡನೂ ಕೊಟ್ಟ. ಎರಡು ತಿಂಗಳಲ್ಲಿ ಆಕೆಗೆ ಗುಂಡಿಟ್ಟರು. 1980ರಲ್ಲಿ ಆ ಶಿಕ್ಷೆಯೇ ತಪ್ಪು ಅಂತ ರದ್ದಾಯಿತು. 2013ರಲ್ಲಿ ಮಗ, ಆಗ ಅವನಿಗೆ ಅರವತ್ತರ ಹತ್ತಿರ, ಪತ್ರಿಕೆಗಳ ಮುಂದೆ ಬಂದು ತಪ್ಪೊಪ್ಪಿಕೊಂಡ. ಆ ಹುಡುಗನಿಗೆ ದುಡ್ಡಿನ ಆಸೆ ಇರಲಿಲ್ಲ, ತಾಯಿಯ ಮೇಲೆ ಹಗೆ ಇರಲಿಲ್ಲ. ತಾನು ನೇರವಾಗಿದ್ದೇನೆ ಅಂತಲೇ ನಂಬಿದ್ದ. ಶೆ ಸೀಮೆಯ ಒಡೆಯನಿಗೆ ಬೇಕಾಗಿದ್ದ ಮಗ ಅವನು.

ಮನೆಯವರ ಮೇಲೆ ಮನೆಯವರನ್ನೇ ಛೂ ಬಿಡುವ ರಾಜ್ಯದಲ್ಲಿ ಯಾರ ಮನೆಗೂ ಬಾಗಿಲಿರುವುದಿಲ್ಲ ಅನ್ನುವುದು ಹಳೆಯ ಚೀನಾಕ್ಕೂ ಗೊತ್ತಿತ್ತು. ಕ್ರಿ.ಪೂ. 66ರಲ್ಲೇ ಹಾನ್ ವಂಶದ ಚಕ್ರವರ್ತಿಯೊಬ್ಬ ಆಜ್ಞೆ ಹೊರಡಿಸಿದ: ಅಪ್ಪ ಅಮ್ಮನನ್ನು ಮುಚ್ಚಿಟ್ಟ ಮಕ್ಕಳಿಗೆ ಶಿಕ್ಷೆ ಇಲ್ಲ. ಟ್ಯಾಂಗ್ ವಂಶದ ಕಾನೂನಿನಲ್ಲಿ ಇದು ಇನ್ನೂ ಹರಡಿಕೊಂಡಿತು, ರಾಜದ್ರೋಹ ಒಂದನ್ನು ಬಿಟ್ಟು. ಅಲ್ಲಿ ಅತಿಯೂ ಆಯಿತು. ಅಪ್ಪನ ಮೇಲೆ ದೂರು ಕೊಟ್ಟ ಮಗನಿಗೇ ಮರಣದಂಡನೆ! 20ನೇ ಶತಮಾನದಲ್ಲಿ ಇವೆಲ್ಲ ಹೋಯಿತು. 2012ರಲ್ಲಿ ತಿದ್ದಿದ ಅಪರಾಧ ಪ್ರಕ್ರಿಯಾ ಕಾನೂನಿನಲ್ಲಿ ಒಂದು ಎಳೆ ಮಾತ್ರ ವಾಪಸ್ ಬಂತು. ಆರೋಪಿಯ ಗಂಡ ಅಥವಾ ಹೆಂಡತಿ, ತಂದೆ ತಾಯಿ, ಮಕ್ಕಳನ್ನು ಬಲವಂತವಾಗಿ ಕೋರ್ಟಿಗೆ ಎಳೆದು ತಂದು ಸಾಕ್ಷಿ ಹೇಳಿಸುವಂತಿಲ್ಲ. ಬಹಳ ಸಣ್ಣ ರಿಯಾಯಿತಿ. ಆದರೂ ಕುರಿಯ ಮಾತು ಅಲ್ಲಿಯ ಕಾನೂನು ಪುಸ್ತಕಕ್ಕೆ ಮತ್ತೆ ಕಾಲಿಟ್ಟಂತಾಯಿತು.

ಇಷ್ಟಕ್ಕೇ ನಿಲ್ಲಿಸಿದರೆ ಕನ್‌ಫ್ಯೂಷಿಯಸ್ ಗೆದ್ದ ಹಾಗೆ ಕಾಣುತ್ತದೆ. ಅಷ್ಟು ಸಲೀಸಿಲ್ಲ. 2002ರಲ್ಲಿ ಲಿಯು ಚಿಂಗ್‌ಪಿಂಗ್ ಎಂಬ ವಿದ್ವಾಂಸರು ಒಂದು ಲೇಖನ ಬರೆದರು. ಚೀನಾದ ಅಧಿಕಾರಿಗಳು ನೆಂಟರಿಗೆಲ್ಲ ಹುದ್ದೆ ಹಂಚುವುದು, ಮಕ್ಕಳ ಕೇಸು ಮುಚ್ಚಿಹಾಕುವುದು, ಇದೆಲ್ಲದರ ಬೇರು ಕನ್‌ಫ್ಯೂಷಿಯಸ್ ಪರಂಪರೆಯಲ್ಲೇ ಇದೆ ಅಂತ ನೇರವಾಗಿ ಆಪಾದಿಸಿದರು. ವುಹಾನ್ ವಿಶ್ವವಿದ್ಯಾಲಯದ ಗುವೋ ಚಿಯೊಂಗ್ ಎದ್ದುನಿಂತು ಉತ್ತರ ಕೊಟ್ಟರು. ಪರ ವಿರೋಧ ಎಷ್ಟಾಯಿತೆಂದರೆ 2004ರಲ್ಲಿ ಅದೇ ಒಂದು ದಪ್ಪ ಪುಸ್ತಕವಾಯಿತು. ಲಿಯು ಮುಖ್ಯವಾಗಿ ಹಿಡಿದದ್ದು ಅದೇ ಪರಂಪರೆಯ ಇನ್ನೊಬ್ಬ ದೊಡ್ಡ ಚಿಂತಕ ಮೆನ್ಸಿಯಸ್‌ನ ಎರಡು ಕಥೆ. ಎರಡೂ ಶುನ್ ಎಂಬ ಪುರಾಣದ ಚಕ್ರವರ್ತಿಯವು. ನಿಮಗೆ ಬೇಕಾದ್ದು ಇವೇ.

ಮೊದಲನೆಯದು. ಚಕ್ರವರ್ತಿ ಶುನ್‌ನ ಅಪ್ಪ ಒಂದು ಕೊಲೆ ಮಾಡಿದ ಅಂತ ಇಟ್ಟುಕೊಳ್ಳಿ, ಗಾವ್ ಯಾವ್ ನ್ಯಾಯಾಧೀಶ, ಆಗೇನು ಅಂತ ಶಿಷ್ಯ ಕೇಳುತ್ತಾನೆ. ಮೆನ್ಸಿಯಸ್: ಹಿಡಿದು ಹಾಕುತ್ತಾನೆ, ಇನ್ನೇನು. ಶುನ್ ತಡೆಯುವುದಿಲ್ಲವಾ? ಹೇಗೆ ತಡೆಯುತ್ತಾನೆ, ಆ ಅಧಿಕಾರ ಗಾವ್ ಯಾವ್‌ಗೆ ಬಂದದ್ದು. ಹಾಗಾದರೆ ಶುನ್ ಏನು ಮಾಡಬೇಕು? ಹರಿದ ಚಪ್ಪಲಿ ಬಿಸಾಡುವ ಹಾಗೆ ಸಾಮ್ರಾಜ್ಯ ಬಿಸಾಡಬೇಕು, ಅಪ್ಪನನ್ನು ಗುಟ್ಟಾಗಿ ಬೆನ್ನ ಮೇಲೆ ಹೊತ್ತು ಸಮುದ್ರದಂಚಿಗೆ ಓಡಿಹೋಗಬೇಕು, ಅಲ್ಲೇ ಸಂತೋಷವಾಗಿ ಇದ್ದುಬಿಡಬೇಕು. ಈ ಅಪ್ಪ ಯಾರು ಗೊತ್ತಾ? ಶುನ್‌ನನ್ನೇ ಕೊಲ್ಲಲು ನೋಡಿದವನು. ಕಣಜ ರಿಪೇರಿಗೆ ಮೇಲೆ ಹತ್ತಿಸಿ ಏಣಿ ತೆಗೆದು ಬೆಂಕಿ ಇಟ್ಟಿದ್ದ.

ಲಿಯು ಇದನ್ನು ಭ್ರಷ್ಟಾಚಾರ ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. ಭ್ರಷ್ಟನಾಗಿದ್ದರೆ ಶುನ್ ಸಿಂಹಾಸನದಲ್ಲೇ ಕೂತು ಗಾವ್ ಯಾವ್‌ನನ್ನು ಎತ್ತಂಗಡಿ ಮಾಡುತ್ತಿದ್ದ. ಮೆನ್ಸಿಯಸ್ ಎರಡನ್ನು ಬಿಡಿಸಿ ಇಡುತ್ತಾನೆ. ಅಪ್ಪನನ್ನು ಉಳಿಸಲು ನಿನ್ನದನ್ನು ಕಳೆದುಕೋ. ನಿನ್ನ ಕೈಗೆ ಊರು ಕೊಟ್ಟ ಅಧಿಕಾರವನ್ನು ಅದಕ್ಕೆ ಬಳಸಬೇಡ.

ಇದನ್ನು ಇಟ್ಟುಕೊಂಡು ಬೋ ಶಿಲಾಯ್ ಕೇಸು ಓದಿ ನೋಡಿ. ಬೋ ಅವರು ಚೊಂಗ್‌ಚಿಂಗ್ ನಗರದ ಪಕ್ಷದ ಮುಖ್ಯಸ್ಥರು, ಇನ್ನೂ ಮೇಲಕ್ಕೆ ಹೋಗುತ್ತಾರೆ ಅಂತ ಎಲ್ಲರೂ ಅಂದುಕೊಂಡಿದ್ದವರು. 2011ರ ನವೆಂಬರ್‌ನಲ್ಲಿ ಬ್ರಿಟನ್ನಿನ ವ್ಯಾಪಾರಿ ನೀಲ್ ಹೇವುಡ್ ಅಲ್ಲಿನ ಒಂದು ಹೋಟೆಲ್‌ನಲ್ಲಿ ಸತ್ತ. 2012ರ ಜನವರಿ ಕೊನೆಗೆ ಪೊಲೀಸ್ ಮುಖ್ಯಸ್ಥ ವಾಂಗ್ ಲಿಜುನ್ ಬೋ ಹತ್ತಿರ ಬಂದು, ನಿಮ್ಮ ಹೆಂಡತಿಯ ಮೇಲೆ ಅನುಮಾನ ಇದೆ ಅಂದರು. ಮಾರನೇ ದಿನ ವಾಂಗ್ ಅವರ ಕೆನ್ನೆಗೆ ಬೋ ಹೊಡೆದರು. ಕೆಲವೇ ದಿನದಲ್ಲಿ ಪೊಲೀಸ್ ಹುದ್ದೆಯಿಂದ ತೆಗೆದರು. ಫೆಬ್ರವರಿ 6ರಂದು ವಾಂಗ್ ಚೆಂಗ್ಡುವಿನ ಅಮೆರಿಕನ್ ಕಾನ್ಸುಲೇಟ್‌ಗೆ ಓಡಿಹೋದರು, ವಿಷಯ ಜಗತ್ತಿಗೇ ಗೊತ್ತಾಯಿತು. ಹೆಂಡತಿ ಗು ಕಾಯ್‌ಲಾಯ್‌ಗೆ ಕೊಲೆ ಕೇಸಿನಲ್ಲಿ ಶಿಕ್ಷೆಯಾಯಿತು. 2013ರ ಸೆಪ್ಟೆಂಬರ್‌ನಲ್ಲಿ ಬೋಗೆ ಜೀವಾವಧಿ. ಲಂಚ, ಹಣ ದುರುಪಯೋಗದ ಜೊತೆಗೆ ಅಧಿಕಾರ ದುರ್ಬಳಕೆಯ ಆರೋಪವೂ ಸಾಬೀತಾಯಿತು. ಆ ಕೇಸಿನಲ್ಲಿ ಪಕ್ಷದ ಒಳಜಗಳವೂ ಇತ್ತು, ಅದು ಬೇರೆ ಮಾತು. ಹೆಂಡತಿಯನ್ನು ಕಾಪಾಡಬೇಕು ಅಂತ ಅನಿಸಿದ್ದಕ್ಕೆ ಮೆನ್ಸಿಯಸ್ ಬೈಯುತ್ತಿರಲಿಲ್ಲ. ಗಾವ್ ಯಾವ್‌ನ ಕೆನ್ನೆಗೆ ಹೊಡೆದಿದ್ದಕ್ಕೆ ಬೈಯುತ್ತಿದ್ದ.

ಎರಡನೇ ಕಥೆ ತಮ್ಮನದು, ನಿಮ್ಮದಕ್ಕೆ ಇನ್ನೂ ಹತ್ತಿರ. ಶುನ್‌ನ ತಮ್ಮ ಶಿಯಾಂಗ್ ಕೂಡ ಅಣ್ಣನನ್ನು ಕೊಲ್ಲಲು ಹೊಂಚು ಹಾಕಿದವನೇ. ಶುನ್ ಪಟ್ಟಕ್ಕೆ ಬಂದ ಮೇಲೆ ಅವನಿಗೆ ಯೋಬಿ ಎಂಬ ಸೀಮೆ ಕೊಟ್ಟ. ಶಿಷ್ಯ ವಾನ್ ಜಾಂಗ್‌ಗೆ ಸಿಟ್ಟು ಬರುತ್ತದೆ: ಬೇರೆ ದುಷ್ಟರಿಗೆ ಶಿಕ್ಷೆ, ತಮ್ಮನಿಗೆ ಸೀಮೆ! ಯೋಬಿಯ ಜನ ಏನು ಪಾಪ ಮಾಡಿದ್ದರು? ಒಳ್ಳೆಯ ಪ್ರಶ್ನೆ ಅಲ್ವಾ. ಮೆನ್ಸಿಯಸ್ ಉತ್ತರ: ಸೀಮೆ ಹೆಸರಿಗೆ ಅವನದು. ಆಡಳಿತ ಮಾಡಲು, ಕಂದಾಯ ಎತ್ತಲು ಶುನ್ ಬೇರೆ ಅಧಿಕಾರಿಯನ್ನು ಇಟ್ಟಿದ್ದ. ಜನರಿಗೆ ಹಿಂಸೆ ಕೊಡಲು ಅವನಿಗೆ ಆಗುತ್ತಿರಲಿಲ್ಲ. ತಮ್ಮ ಆಗಾಗ ಬಂದು ಹೋಗಿ ಮಾಡಲಿ ಅನ್ನುವುದು ಶುನ್‌ಗೆ ಬೇಕಿತ್ತು, ಅದಕ್ಕೆ ಹೀಗೆ ಮಾಡಿದ. ಈ ಉತ್ತರ ನನಗೆ ಪೂರ್ತಿ ಸಮಾಧಾನ ಕೊಡುವುದಿಲ್ಲ. ಸೀಮೆಯೇ ಯಾಕೆ ಕೊಡಬೇಕಿತ್ತು? ಲಿಯು ಅವರ ಪೆಟ್ಟು ಇಲ್ಲಿ ಸರಿಯಾಗಿ ಬೀಳುತ್ತದೆ. ಆದರೂ ಒಂದು ಒಪ್ಪಬೇಕು. ಯೋಬಿಯ ಜನರ ಪ್ರಶ್ನೆಯನ್ನು ಮೆನ್ಸಿಯಸ್ ತಳ್ಳಿಹಾಕಲಿಲ್ಲ. ಶುನ್ ಒಡಹುಟ್ಟಿದವನನ್ನು ಬಿಡಲಿಲ್ಲ, ಅವನ ಕೈಯನ್ನು ಮಾತ್ರ ಕಟ್ಟಿದ.

ಇಷ್ಟೆಲ್ಲ ಜಗಳದಲ್ಲಿ ಒಬ್ಬನನ್ನು ಯಾರೂ ಕೇಳಲೇ ಇಲ್ಲ, ಗಮನಿಸಿದಿರಾ? ಕುರಿ ಕಳೆದುಕೊಂಡವನು. ಕನ್‌ಫ್ಯೂಷಿಯಸ್‌ಗೆ ಅಪ್ಪ ಮಗನ ಚಿಂತೆ. ಹಾನ್ ಫೇಗೆ ರಾಜನ ಚಿಂತೆ. ಕುರಿಯವನಿಗೆ ಕುರಿ ವಾಪಸ್ ಸಿಕ್ಕಿತಾ? ಪುಸ್ತಕದಲ್ಲಿಲ್ಲ. ಆ ಕಡೆಯಿಂದ ನೋಡಿದವನು ಇವರ ನಡುವಿನ ಕಾಲದ ಇನ್ನೊಬ್ಬ ಚಿಂತಕ ಮೋತ್ಸು. ಅವನು ಶುರು ಮಾಡುವುದೇ ಕಳ್ಳತನದಿಂದ. ಒಬ್ಬ ಪಕ್ಕದ ತೋಟಕ್ಕೆ ನುಗ್ಗಿ ಪೀಚ್, ಪ್ಲಮ್ ಹಣ್ಣು ಕದ್ದರೆ ಎಲ್ಲರೂ ತಪ್ಪು ಅನ್ನುತ್ತಾರೆ. ಯಾಕೆ? ಇನ್ನೊಬ್ಬನಿಗೆ ನಷ್ಟ ಮಾಡಿ ತಾನು ಲಾಭ ಮಾಡಿಕೊಂಡ ಅಂತ. ನಾಯಿ, ಹಂದಿ, ಕೋಳಿ ಕದ್ದರೆ ಇನ್ನೂ ದೊಡ್ಡ ತಪ್ಪು. ಕುದುರೆ, ಎತ್ತು ಕದ್ದರೆ ಇನ್ನೂ ದೊಡ್ಡದು. ಒಬ್ಬನನ್ನು ಕೊಂದರೆ ಅದಕ್ಕಿಂತ ದೊಡ್ಡದು. ಇಡೀ ರಾಜ್ಯದ ಮೇಲೆ ದಂಡೆತ್ತಿ ಹೋದರೆ ಮಾತ್ರ ಎಲ್ಲರೂ ಹೊಗಳಿ ಅದನ್ನೇ ಧರ್ಮ ಅನ್ನುತ್ತಾರಲ್ಲ, ಇದೆಂಥ ಲೆಕ್ಕ ಅಂತ ಕೇಳುತ್ತಾನೆ. ಪೇಪರಿನಲ್ಲಿ ಉಕ್ರೇನ್ ಸುದ್ದಿ ಓದುವಾಗ ಮೋತ್ಸುವಿನ ಈ ನಾಲ್ಕು ಸಾಲು ಪಕ್ಕದಲ್ಲಿದ್ದರೆ ಸಾಕು. ಗಡಿ ಎಲ್ಲಿತ್ತು, ಯಾರು ಸರಿಸಿದರು, ಸರಿಸಿದವರು ಅದಕ್ಕೆ ಏನು ಹೆಸರು ಕೊಟ್ಟರು ಅಂತ ನೋಡಲು ಇಷ್ಟೇ ಬೇಕು.

ನಿಮ್ಮ ಬಾಂದುಕಲ್ಲಿಗೆ ಬರುತ್ತೇನೆ. ನಿಮಗೂ ಗೊಂಗ್‌ಗೂ ಒಂದು ದೊಡ್ಡ ವ್ಯತ್ಯಾಸ ಇದೆ. ಪಹಣಿಯಲ್ಲಿ ನಿಮ್ಮ ಹೆಸರಿದೆ ಅಂತ ನೀವೇ ಬರೆದಿದ್ದೀರಿ. ಆ ನಾಲ್ಕು ಅಡಿಯಲ್ಲಿ ಬೆಳೆದದ್ದರಲ್ಲಿ ನಿಮ್ಮ ಪಾಲೂ ಇದೆ. ಹಾಗಾಗಿ ‘ಅಣ್ಣನನ್ನು ಮುಚ್ಚುತ್ತಿದ್ದೇನೆ’ ಅನ್ನುವುದು ಅರ್ಧ ಸತ್ಯ. ನಿಮ್ಮನ್ನೂ ಮುಚ್ಚಿಕೊಳ್ಳುತ್ತಿದ್ದೀರಿ. ಇಲ್ಲಿ ಕನ್‌ಫ್ಯೂಷಿಯಸ್ ನಿಮ್ಮ ನೆರವಿಗೆ ಬರುವುದಿಲ್ಲ. ಅವನ ಮಾತು ನಡೆಯುವುದು ನಿಮಗೆ ಲಾಭ ಇಲ್ಲದಿದ್ದಾಗ.

ಊರಿಗೆ ಹೋಗಿ. ಫೋನಿನಲ್ಲಿ ಬೇಡ. ಅತ್ತಿಗೆ, ಮಕ್ಕಳ ಎದುರು ಬೇಡ. ಅಣ್ಣನ ಜೊತೆ ಹೊಲಕ್ಕೆ ನಡೆದುಹೋಗಿ ಅಲ್ಲೇ ಮಾತಾಡಿ. ಸರ್ವೆಯವರು ಹಳೆಯ ಟಿಪ್ಪಣಿ ಹಿಡಿದು ಅಳತೆ ಮಾಡುತ್ತಾರೆ, ನಿಮ್ಮ ಬಾಯಿಮಾತಿನ ಮೇಲೆ ಅಲ್ಲ ಅನ್ನುವುದು ಅವನಿಗೂ ಗೊತ್ತಿರುತ್ತದೆ. ಅಳತೆಗೆ ಮೊದಲೇ ಕಲ್ಲು ಹಳೇ ಜಾಗಕ್ಕೆ ಹೋದರೆ ಪಕ್ಕದವರ ಮುಂದೆ ಒಂದು ಮಾತಿನಲ್ಲಿ ಮುಗಿಯುತ್ತದೆ. ಒಂದು ಬೆಳೆಯ ನಷ್ಟ ಕೊಡಬೇಕಾಗಿ ಬಂದರೆ ನಿಮ್ಮ ಜೇಬಿನಿಂದ ಕೊಡಿ, ಸಾಮ್ರಾಜ್ಯ ಬಿಸಾಡುವುದಕ್ಕಿಂತ ಸುಲಭ. ಅಣ್ಣ ಒಪ್ಪದಿದ್ದರೆ ಇನ್ನೊಂದು ಸಲ ಹೇಳಿ. ಅಷ್ಟಾದರೂ ಕೇಳದಿದ್ದರೆ ಪಕ್ಕದವರಿಗೆ ‘ಅಳತೆ ಆಗಲಿ, ಬಂದದ್ದಕ್ಕೆ ನಾನು ಸಹಿ ಹಾಕುತ್ತೇನೆ’ ಅನ್ನಿ. ಅದರಲ್ಲಿ ಅಣ್ಣನನ್ನು ಹಿಡಿದುಕೊಟ್ಟ ಹಾಗೂ ಆಗುವುದಿಲ್ಲ, ಸುಳ್ಳು ಹೇಳಿದ ಹಾಗೂ ಆಗುವುದಿಲ್ಲ. ಬಾಯಿ ಬಿಡದಿರುವುದಕ್ಕೂ ಸುಳ್ಳು ಸಾಕ್ಷಿಗೂ ಬಹಳ ದೂರ. ಎರಡನೆಯದಕ್ಕೆ ಅನಲೆಕ್ಟ್ಸ್‌ನಲ್ಲೂ ಅನುಮತಿ ಇಲ್ಲ, ನಮ್ಮ ಕಾನೂನಿನಲ್ಲೂ ಇಲ್ಲ. ಕಲ್ಲು ಕೀಳುವುದು ಅಪರಾಧ, ಹಾಗಾಗಿ ಒಬ್ಬ ವಕೀಲರನ್ನೂ ಕೇಳಿಕೊಳ್ಳಿ.

ಇವತ್ತಿನ ಸುದ್ದಿಗೆ ಹೊಂದುತ್ತದಾ ಅಂತಲೂ ಕೇಳಿದ್ದೀರಿ. ಇನ್ನೊಂದು ಉದಾಹರಣೆ ಕೊಡುತ್ತೇನೆ. 2013ರ ಜುಲೈ 1ರಿಂದ ಚೀನಾದಲ್ಲಿ ಒಂದು ಕಾನೂನು ಬಂತು: ಬೇರೆ ಇರುವ ಮಕ್ಕಳು ವಯಸ್ಸಾದ ಅಪ್ಪ ಅಮ್ಮನನ್ನು ಆಗಾಗ ಹೋಗಿ ನೋಡಬೇಕು, ಇಲ್ಲವೇ ವಿಚಾರಿಸಬೇಕು. ಅದೇ ದಿನ ವೂಶಿ ನಗರದ ಕೋರ್ಟು, ದೂರು ಕೊಟ್ಟ 77 ವರ್ಷದ ತಾಯಿಯನ್ನು ಮಗಳು ಎರಡು ತಿಂಗಳಿಗೊಮ್ಮೆಯಾದರೂ ನೋಡಬೇಕು ಅಂತ ತೀರ್ಪು ಕೊಟ್ಟಿತು. ಹೊರಗಿನ ಪತ್ರಿಕೆಗಳು ‘ಕನ್‌ಫ್ಯೂಷಿಯಸ್ ಮರಳಿ ಬಂದ’ ಅನ್ನುವ ಧಾಟಿಯಲ್ಲಿ ಬರೆದವು. ನನಗೆ ಕಂಡದ್ದು ಶಾಂಗ್ ಯಾಂಗ್, ಕನ್‌ಫ್ಯೂಷಿಯಸ್‌ನ ನಿಲುವಂಗಿ ಹಾಕಿಕೊಂಡು. ಅಪ್ಪ ಅಮ್ಮ ಸತ್ತರೆ ಮೂರು ವರ್ಷ ಸೂತಕ ಜಾಸ್ತಿಯಾಯಿತು, ಒಂದು ಸಾಕು ಅಂತ ಚಾಯ್ ವೋ ಎಂಬ ಶಿಷ್ಯ ವಾದಿಸಿದಾಗ ಕನ್‌ಫ್ಯೂಷಿಯಸ್ ಏನು ಮಾಡಿದ? ‘ಒಳ್ಳೆಯ ಅನ್ನ ಉಂಡು ರೇಷ್ಮೆ ಉಟ್ಟರೆ ನಿನಗೆ ನೆಮ್ಮದಿ ಇರುತ್ತದಾ?’ ಅಂತ ಕೇಳಿದ. ಇರುತ್ತದೆ ಅಂದ ಶಿಷ್ಯ. ‘ಹಾಗಾದರೆ ಮಾಡು’ ಅಂದ. ಅವನು ಹೊರಗೆ ಹೋದ ಮೇಲೆ ಬೈದ, ಅದು ನಿಜ. ಆದರೆ ತಡೆಯಲಿಲ್ಲ.

ಆ ಕಾನೂನಿನಲ್ಲಿ ಅಷ್ಟು ಸುದ್ದಿಯಾಗದ ಇನ್ನೊಂದು ಸಾಲಿದೆ. ಅಪ್ಪ ಅಮ್ಮನನ್ನು ನೋಡಲು ಹೋಗುವ ರಜೆಯನ್ನು ಕೆಲಸ ಕೊಟ್ಟವರು ಖಾತ್ರಿಯಾಗಿ ಕೊಡಬೇಕು ಅಂತ. ಶೆಂಝೆನ್ ಫ್ಯಾಕ್ಟರಿಯಲ್ಲಿ ದುಡಿಯುವ, ಸಾವಿರಾರು ಕಿಲೋಮೀಟರ್ ದೂರದ ಹಳ್ಳಿಯ ಮಗನಿಗೆ ಬೇಕಾಗಿರುವುದು ಕೋರ್ಟಿನ ತೀರ್ಪಲ್ಲ, ಈ ರಜೆ. ಜಾರಿ ಮಾಡುವ ಕೆಲಸ ಕನ್‌ಫ್ಯೂಷಿಯಸ್ ಕೈಗೆ ಸಿಕ್ಕಿದ್ದರೆ ಅವನು ಈ ಸಾಲಿನಿಂದ ಶುರು ಮಾಡುತ್ತಿದ್ದ ಅಂತ ನನ್ನ ಅನಿಸಿಕೆ.